ತಣ್ಣವ್ವ ಇಟ್ಟ ಗಡಿಕಲ್ಲುಗಳು

ಭೂಮಿ ಆಗತಾನೇ ಸಾರಿಸಿದ ಅಂಗಳದ ಹಾಗೆ ಇನ್ನೂ ಹಸಿಯಾಗಿದ್ದ ಕಾಲ. ಆಗ ತಣ್ಣವ್ವನಿಗೆ ನಿಲ್ಲಲು ಒಂದು ನೆಲೆ ಇರಲಿಲ್ಲ.

ತಣ್ಣವ್ವ ಎಂದರೆ ಹಿಮ. ಬಯಲಿಗೆ ಹೋದರೆ ಹುಲ್ಲು, "ಮುಟ್ಟಬೇಡ, ಕಮರಿಹೋಗ್ತೀನಿ" ಅಂದಿತು. ಕಾಡಿಗೆ ಹೋದರೆ ಹಕ್ಕಿಗಳು, "ಮೊಟ್ಟೆ ತಣ್ಣಗಾಗ್ತವೆ, ಆಚೆ ಹೋಗು" ಅಂದವು. ತಣ್ಣವ್ವ ಯಾರನ್ನೂ ಎರಡನೇ ಸಲ ಕೇಳುವವಳಲ್ಲ. ಸುಮ್ಮನೆ ಮುಂದೆ ನಡೆದಳು.

ಅದೇ ಹೊತ್ತಿಗೆ ಕೆಂಡಪ್ಪನಿಗೆ ಜ್ವರ ಬಂತು. ಕೆಂಡಪ್ಪ ಎಂದರೆ ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡ ಬೆಟ್ಟ. ಕೆಮ್ಮಿದರೆ ಬೂದಿ, ಕನವರಿಸಿದರೆ ಕಲ್ಲಿನ ಮಳೆ. ಬುಡದ ಊರಿನವರು ಬೆದರಿದರು. ಅವರ ಹಿರಿಯಳು ತೊರೆಯಕ್ಕ ಓಡಿಬಂದು ತಣ್ಣವ್ವನ ಸೆರಗು ಹಿಡಿದಳು.

"ನನ್ನವ್ವಾ, ಇವನ ಹಣೆಯ ಮೇಲೆ ಒದ್ದೆಬಟ್ಟೆ ಹಾಗೆ ಕೂತುಬಿಡು. ಜ್ವರ ಇಳಿಸು. ನೆತ್ತಿಯಿಂದ ನಮ್ಮ ಹಿತ್ತಿಲವರೆಗೂ ಇಳಿಜಾರೆಲ್ಲ ನಿನ್ನದೇ."

"ಆಮೇಲೆ ಏಳು ಅನ್ನಬಾರದು."

"ಅಂದರೆ ನಮ್ಮ ನಾಲಿಗೆ ಬಿದ್ದುಹೋಗಲಿ!"

ತಣ್ಣವ್ವ ಹತ್ತಿ ಕೂತಳು. ಮೈ ಬೆಂದಿತು, ಏಳಲಿಲ್ಲ. ನೂರು ಚಳಿಗಾಲ ಕೂತಳು. ಕೆಂಡಪ್ಪ ನಿದ್ದೆಹೋದ. ಅವಳ ಪಾದ ಊರಿನ ಹಿತ್ತಿಲು ಮುಟ್ಟಿತು. ಪಾದದಿಂದ ಜಿನುಗಿದ ನೀರನ್ನು ಜನ ಕೊಡಗಳಲ್ಲಿ ತುಂಬಿಕೊಂಡರು, ಎಂಥ ಸಿಹಿ ಅಂದರು.

ಇಳಿದ ಜ್ವರ ಯಾರಿಗೆ ನೆನಪಿರುತ್ತದೆ? ತೊರೆಯಕ್ಕ ಎಂದೋ ತೀರಿಹೋಗಿದ್ದಳು. ಅವಳ ಮರಿಮಕ್ಕಳ ಮರಿಮಕ್ಕಳು ಒಲೆ ಹೊತ್ತು ಮೇಲೆ ಬಂದರು.

"ಸ್ವಲ್ಪ ಸರಿಯವ್ವ, ಒಂದೇ ಗೇಣು. ಒಲೆ ಹೂಡಬೇಕು."

ಒಲೆಯ ಕಾವಿಗೆ ಅವಳ ಕಾಲ್ಬೆರಳು ಕರಗಿದವು. ಜಗಳ ಆಡಲಿಲ್ಲ. ಪಾದವಿದ್ದ ಜಾಗದಲ್ಲಿ ಕಲ್ಲುಗಳನ್ನು ಸಾಲಾಗಿ ಇಟ್ಟು, ಕಾಲು ಎಳೆದುಕೊಂಡಳು. ಇಲ್ಲಿಯವರೆಗೆ ನನ್ನದು ಎಂಬ ಗುರುತು.

"ಸ್ವಲ್ಪ ಸರಿಯವ್ವ, ಒಂದೇ ಗೇಣು. ಕೊಟ್ಟಿಗೆ ಕಟ್ಟಬೇಕು."

ಇನ್ನೊಂದು ಸಾಲು ಕಲ್ಲು.

"ಸ್ವಲ್ಪ ಸರಿಯವ್ವ..." ಈ ಸಲ ಯಾಕೆ ಅಂತಲೂ ಹೇಳಲಿಲ್ಲ.

"ಏನೇ, ಇನ್ನೂ ಎಷ್ಟು ಗೇಣು ಉಳಿದಿದೆ ನಿನ್ನ ಹತ್ತಿರ?" ಗಾಳಿ ಕುಟುಕಿತು. "ಒಮ್ಮೆ ಜಾರಿ ಬಿದ್ದು ಊರೇ ಮುಚ್ಚಿಬಿಡಬಾರದಾ?"

"ಮಾತು ಮುರಿದವರು ಅವರು. ನಾನ್ಯಾಕೆ ಮುರೀಲಿ?" ಅಂದಳು ತಣ್ಣವ್ವ. "ಇರೋವಷ್ಟು ದಿನ ಇವನ ಹಣೆ ಮೇಲೆ ಇರ್ತೀನಿ."

ಒಂದು ಬೆಳಗ್ಗೆ ಕೆಂಡಪ್ಪ ನಿದ್ದೆಯಲ್ಲೇ ಕೆಮ್ಮಿದ. ಒಲೆಗಳ ಮೇಲೆ ಬೂದಿ ಬಿತ್ತು. ಜನ ಕೈಯಲ್ಲಿದ್ದ ಕೊಡಗಳ ಸಮೇತ ಆ ಕಲ್ಲಿನ ಸಾಲುಗಳನ್ನೆಲ್ಲ ಎಡವುತ್ತಾ ಹತ್ತಿಬಂದರು.

"ಅವ್ವಾ, ಇಳಿದು ಬಾರೇ! ಕೊಟ್ಟಿಗೆ ಕಿತ್ತುಹಾಕ್ತೀವಿ, ಒಲೆ ಆರಿಸ್ತೀವಿ! ಹಿತ್ತಿಲು ನಿನ್ನದೇ!"

ತಣ್ಣವ್ವ ತನ್ನ ಮೈ ನೋಡಿಕೊಂಡಳು. ಇಡೀ ಬೆಟ್ಟಕ್ಕೆ ಹೊದಿಕೆಯಾಗಿದ್ದವಳು ಈಗ ಒಂದು ತಲೆವಸ್ತ್ರದಷ್ಟು ಇದ್ದಳು.

"ಇಳಿಯೋಕೆ ನಾನೆಲ್ಲಿ ಉಳಿದಿದ್ದೀನಿ?" ಅಂದಳು. "ನಿಮ್ಮ ಕೊಡದಲ್ಲಿ ನೋಡಿ."

ಜನ ಕೊಡ ಬಗ್ಗಿಸಿ ನೋಡಿದರು. ಯಾವಾಗಲೋ ಕುಡಿದು ಮುಗಿಸಿದ್ದರು.

ಕೆಂಡಪ್ಪ ಮಗ್ಗುಲು ಬದಲಿಸಿದ. ತಣ್ಣವ್ವ ಉಳಿದಿದ್ದಷ್ಟನ್ನೇ ಅವನ ಹಣೆಗೆ ಒತ್ತಿ ಹಿಡಿದಳು.

ಅದಕ್ಕೇ ಮಗು, ಬೆಂಕಿಬೆಟ್ಟದ ಹಿಮ ಇವತ್ತಿಗೂ ಊರಿಗೆ ಬೆನ್ನು ಹಾಕದೆ, ವರ್ಷ ವರ್ಷ ಹಿಂದೆ ಹಿಂದೆ ಸರಿಯುತ್ತಾ ನೆತ್ತಿಗೆ ಹೋಗುತ್ತದೆ. ಬರಿದಾದ ಇಳಿಜಾರಿನಲ್ಲಿ ನೀನು ಕಾಣುವ ಒಂದೊಂದು ಕಲ್ಲಿನ ಸಾಲೂ ಅವಳಿಗೆ ಕೊಟ್ಟು ಕಿತ್ತುಕೊಂಡ ನೆಲದ ಗಡಿ.