ಐದಕ್ಕೆ ಒಂದು ಕಡಿಮೆ

ಸಾಹುಕಾರನ ಐದು ಮೆಣಸಿನಕಾಯಿ ಶೆಡ್ಡುಗಳಲ್ಲಿ ನಾಲ್ಕರ ಹೆಂಗಸರು ಕೆಲಸ ನಿಲ್ಲಿಸಲು ಒಪ್ಪಿದ್ದರು. ಐದನೆಯ ಶೆಡ್ಡು ಒಪ್ಪಲಿಲ್ಲವೆಂದು ಅವರ ಮುಂದಾಳು ದುರುಗವ್ವ ಸಾಹುಕಾರನ ಬಾಗಿಲ ತನಕ ಹೋಗಿ ಹಿಂದಿರುಗಿದಳು. ಹಾಗೆ ಹಿಂದಿರುಗಿದ್ದು ತಪ್ಪು.

ಅವರು ಕೇಳುತ್ತಿದ್ದದ್ದು ಒಂದೇ ಒಂದು ನಲ್ಲಿ. ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿದ ಕೈಗಳನ್ನು ತೊಳೆಯಲು ಅಲ್ಲಿ ನೀರಿರಲಿಲ್ಲ. ಮನೆಗೆ ಹೋಗಿ ತೊಳೆಯುವ ಹೊತ್ತಿಗೆ ಉರಿ ಒಳಗಿಳಿದಿರುತ್ತಿತ್ತು. ತಾಯಂದಿರು ತಮ್ಮ ಕೂಸನ್ನು ಎತ್ತಿಕೊಳ್ಳಲು ಹೆದರುತ್ತಿದ್ದರು.

ಆ ಸಂಜೆ ದುರುಗವ್ವ ತನಗೆ ಅಕ್ಷರ ಕಲಿಸಿದ ಹೊನ್ನೂರಪ್ಪ ಮಾಸ್ತರರನ್ನು ಕೇಳಿದಳು: "ಐದೂ ಕೂಡೋತನಕ ಕಾಯೋದು ಶಾಣ್ಯಾತನ ಅಲ್ಲೇನ್ರೀ, ಮಾಸ್ತರ?"

ಮಾಸ್ತರರು ಒಂದು ಕತೆ ಹೇಳಿದರು.

ಒಂದು ಹೊಳೆಯಲ್ಲಿ ಮೀನು ತುಂಬಿದ ಮಡುವಿತ್ತು. ಅಲ್ಲಿ ಯಾರು ಎಷ್ಟು ದಿನ ಬಲೆ ಬೀಸಬೇಕೆಂಬುದನ್ನು ಒಬ್ಬ ಮೀನುಗಾರ, ಒಬ್ಬ ವ್ಯಾಪಾರಿ ವರ್ಷಕ್ಕೊಮ್ಮೆ ಇಸ್ಪೀಟಾಡಿ ತೀರ್ಮಾನಿಸುತ್ತಿದ್ದರು. ಪಣಕ್ಕೆ ಹುಣಸೆ ಬೀಜ. ಒಂದು ಬೀಜವೆಂದರೆ ಮಡುವಿನಲ್ಲಿ ಒಂದು ದಿನ. ತಲಾ ಐದು ಎಲೆ. ಪಣ ಇಟ್ಟ ಮೇಲೆ ಬೇಡದ ಎಲೆ ಎಸೆದು ಹೊಸದೊಂದನ್ನು ಎಳೆಯಬಹುದು. ಎದುರಾಳಿ ಇಟ್ಟಷ್ಟು ಪಣ ಇಡದವನು ಎಲೆ ಕೆಳಗಿಟ್ಟು ಸೋಲಬೇಕು. ಆಗ ಗೆದ್ದವನು ತನ್ನ ಎಲೆ ತೋರಿಸಬೇಕಿಲ್ಲ.

ಮೀನುಗಾರ ಬಹಳ ಎಚ್ಚರದವನು. ಐದೂ ಎಲೆ ಒಂದೇ ಜಾತಿಯವಾಗಿಯೋ ಸಾಲಾಗಿಯೋ ಕೂಡಿ ಬಂದರೆ ಮಾತ್ರ ಆಡುತ್ತಿದ್ದ. ಕೂಡಿ ಬರುವುದು ಅಪರೂಪ. ವ್ಯಾಪಾರಿ ಬೀಜ ಮುಂದೆ ತಳ್ಳುತ್ತಿದ್ದ, ಇವನು ಎಲೆ ಕೆಳಗಿಡುತ್ತಿದ್ದ. ಹೀಗೆ ಒಂದೊಂದೇ ಬೀಜವಾಗಿ ಮಡು ಕೈಬಿಟ್ಟು ಹೋಯಿತು.

ಒಂದು ವರ್ಷ ಆಟದ ಹಿಂದಿನ ದಿನ ಮೀನುಗಾರನ ಹೆಂಡತಿ ಕೇಳಿದಳು: "ಇಷ್ಟು ವರ್ಷ ಸೋತು ಬಂದಿ. ಅವನ ಕೈಯಾಗ ಏನಿತ್ತಂತ ಒಂದು ಸಲನಾದ್ರೂ ನೋಡೀಯೇನು?"

ಅವನು ನೋಡಿರಲಿಲ್ಲ.

ಮರುದಿನ ಅವನ ಕೈಗೆ ನಾಲ್ಕು ಕಳಾವರ್ ಬಂದವು. ಇನ್ನೊಂದು ಬೇಕು. ಐದು ಸಲ ಎಳೆದರೆ ಒಂದು ಸಲ ಬಂದೀತು. ವ್ಯಾಪಾರಿ ಬೀಜ ತಳ್ಳಿದ. ಮೀನುಗಾರ ಅಷ್ಟೇ ಬೀಜ ಇಟ್ಟು ಎಲೆ ಎಳೆದ. ಬಂದದ್ದು ಕೆಂಪು ಎಲೆ. ಅವನು ಸೋತ. ಆದರೆ ಸಮನಾಗಿ ಪಣ ಇಟ್ಟಿದ್ದರಿಂದ ವ್ಯಾಪಾರಿ ಎಲೆ ಬಿಚ್ಚಲೇಬೇಕಾಯಿತು. ಅಲ್ಲಿದ್ದದ್ದು ಜೋಡಿಗಳಲ್ಲೆಲ್ಲ ಸಣ್ಣದಾದ ಎರಡರ ಒಂದು ಜೋಡಿ. ಅಷ್ಟೇ. ಅಂಥ ಎಲೆ ಹಿಡಿದುಕೊಂಡೇ ಅವನು ಇಡೀ ಮಡುವನ್ನು ನುಂಗಿದ್ದ.

ಅದೇ ದಿನ ಮುಂದಿನ ಆಟದಲ್ಲಿ ಮೀನುಗಾರನಿಗೆ ಐದು, ಆರು, ಏಳು, ಎಂಟು ಸಾಲಾಗಿ ಬಂದವು. ನಾಲ್ಕು ಬಂದರೂ ಸರಿ, ಒಂಬತ್ತು ಬಂದರೂ ಸರಿ. ಈ ಸಲ ಅವನು ಕಾಯಲಿಲ್ಲ. ಎಲೆ ಎಳೆಯುವ ಮೊದಲೇ, ಸೋತರೆ ಮತ್ತೆ ಆಡುವಷ್ಟು ಬೀಜ ಉಳಿಸಿಕೊಂಡು, ಮಿಕ್ಕದ್ದನ್ನೆಲ್ಲ ತಾನೇ ಮುಂದೆ ತಳ್ಳಿದ.

ವ್ಯಾಪಾರಿ ಬೀಜಗಳನ್ನು ನೋಡಿದ. ಮೀನುಗಾರನ ಮುಖ ನೋಡಿದ. ಆಮೇಲೆ ತನ್ನ ಎಲೆಗಳನ್ನು ಕೆಳಗಿಟ್ಟ. ಆ ವರ್ಷ ಮಡುವಿಗೆ ಮೊದಲು ಇಳಿದದ್ದು ಮೀನುಗಾರನ ಬಲೆ.

ಕತೆ ನಿಂತಿತು. ದುರುಗವ್ವನಿಗೆ ತಡೆಯಲಾಗಲಿಲ್ಲ.

"ಐದನೇ ಎಲಿ ಬಂತೇನ್ರೀ?"

"ಎಳೆಯೋ ಪ್ರಸಂಗನ ಬರಲಿಲ್ಲ" ಎಂದರು ಮಾಸ್ತರರು.

ದುರುಗವ್ವ ತನ್ನ ಕೈಗಳನ್ನು ನೋಡಿಕೊಂಡಳು. ಅವು ಇನ್ನೂ ಉರಿಯುತ್ತಿದ್ದವು. ಮಾಸ್ತರರು ಅಂದರು:

"ನಾಳೆ ಮುಂಜಾನೆ ಆ ನಾಲ್ಕು ಶೆಡ್ಡು ನಿಲ್ಲಿಸು."