ಎರಡು ಸೀಸೆ ಹಲ್ಲು

ದಂತ ವೈದ್ಯ ಕಾಲೇಜೊಂದರಲ್ಲಿ ನಂಜರಾಜು ಎಂಬ ಹಿರಿಯ ಪ್ರಾಧ್ಯಾಪಕರಿದ್ದರು. ರೂಟ್ ಕೆನಾಲ್ ಮಾಡುವಾಗ ಬೇರಿನೊಳಗಿನ ನಾಳವನ್ನು ಕೆರೆದು ಶುಚಿ ಮಾಡಲು ಹೊಸ ಸೂಜಿಯೊಂದನ್ನು ರೂಪಿಸಿದ್ದರು. ಅರ್ಧ ಆಯುಸ್ಸು ಅದಕ್ಕೇ ಸವೆದಿತ್ತು.

ಹಳೆಯ ಸೂಜಿಯ ಜೊತೆ ಅದನ್ನು ಹೋಲಿಸಿ ನೋಡುವ ಕೆಲಸ ಶಿಷ್ಯೆ ದಾಕ್ಷಾಯಿಣಿಯ ಪಾಲಿಗೆ ಬಂತು. ಪ್ರಯೋಗ ನಡೆಯಬೇಕಾದದ್ದು ರೋಗಿಗಳ ಬಾಯಿಂದ ಕಿತ್ತ ಹಲ್ಲುಗಳ ಮೇಲೆ. ಹೊಸದು ಸೋತರೆ ಗುರುಗಳ ಮುಖ ಹೇಗೆ ನೋಡಲಿ ಎಂಬುದೊಂದೇ ಅವಳ ಚಿಂತೆ.

ಅವಳ ಕೆಲಸದಲ್ಲಿ ಬೆರಳಿಟ್ಟು ತೋರಿಸುವ ಕುಂದಿರಲಿಲ್ಲ. ಹಲ್ಲಿಗೆ ಅಂಟಿದ್ದನ್ನೆಲ್ಲ ಕೆರೆದು ತೊಳೆದಳು. ಭೂತಗನ್ನಡಿ ಹಿಡಿದು, ಬಿರುಕು ಬಿಟ್ಟವನ್ನು ಹೊರಗಿಟ್ಟಳು. ಎಕ್ಸ್‌ರೇ ತೆಗೆದು ನಾಳ ಒಂದೇ ಇದೆಯೇ ಎಂದು ನೋಡಿದಳು. ಮೇಲ್ಭಾಗ ಕತ್ತರಿಸಿ ಎಲ್ಲವನ್ನೂ ಒಂದೇ ಉದ್ದಕ್ಕೆ ತಂದಳು. ಒಣಗಿದರೆ ಸೀಳುತ್ತವೆಂದು ಉಪ್ಪುನೀರಿನಲ್ಲೇ ಇಟ್ಟಳು.

ಆಮೇಲೆ ಎರಡು ಸೀಸೆಗೆ ಹಂಚಿದಳು. ಚೀಟಿ ಎತ್ತುವ ಗೋಜಿಗೆ ಹೋಗಲಿಲ್ಲ, ಎಕ್ಸ್‌ರೇ ನೋಡುತ್ತ ತನಗೆ ತೋಚಿದಂತೆ ಹಾಕಿದಳು. ನೆಟ್ಟಗಿನ ನಾಳದವು ಒಂದೊಂದಾಗಿ 'ಹೊಸದು' ಎಂದು ಲೇಬಲ್ ಅಂಟಿಸಿದ ಸೀಸೆಗೆ ಹೋದವು. ತುಸು ಸೊಟ್ಟಗಿದ್ದವು 'ಹಳೆಯದು' ಸೀಸೆಗೆ. ಸೊಟ್ಟ ನಾಳವನ್ನು ಶುಚಿ ಮಾಡುವುದು ಯಾವ ಸೂಜಿಗೂ ಕಷ್ಟ. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದುಬಿಟ್ಟಳು.

ಗುರುಗಳು ಬಂದರು. ಎರಡರಲ್ಲೂ ಒಂದೇ ತರಹದ ಹಲ್ಲುಗಳು ಇವೆಯೇ ಎಂದು ಕೇಳಿದರು.

"ಎರಡೂ ಸಮ, ಸರ್."

ಅವರು ಎರಡೂ ಲೇಬಲ್‌ಗಳನ್ನು ನಿಧಾನವಾಗಿ ಬಿಡಿಸಿದರು. ಅದಲುಬದಲು ಮಾಡಿ ಅಂಟಿಸಹೊರಟರು.

ದಾಕ್ಷಾಯಿಣಿಯ ಕೈ ತಾನಾಗಿ ಮುಂದೆ ಬಂದು ಸೀಸೆಯನ್ನು ಹಿಡಿದುಕೊಂಡಿತು.

"ಸಮ ಇದ್ರೆ, ಯಾವ ಲೇಬಲ್ ಎಲ್ಲಿದ್ರೇನಮ್ಮ?"

ಅವಳ ಮುಖ ಸಣ್ಣದಾಯಿತು. ನಾಚಿಕೆಗೆ ತಲೆಯೆತ್ತಲಾಗಲಿಲ್ಲ.

"ನಿಮ್ಮ ಸೂಜಿ ಸೋಲಬಾರದು ಅಂತ, ಸರ್."

ಗುರುಗಳು ಬೈಯಲಿಲ್ಲ. ಎರಡೂ ಸೀಸೆಗಳನ್ನು ಒಂದೇ ಬೋಗುಣಿಗೆ ಸುರಿದರು. ಕೈಯಾಡಿಸಿ ಎಲ್ಲವನ್ನೂ ಬೆರೆಸಿದರು. ಇನ್ನು ಚೀಟಿ ಎತ್ತಿ ಹಂಚು ಎಂದು ಅವಳ ಮುಂದೆ ತಳ್ಳಿದರು.

ಅವಳು ಬೋಗುಣಿಯನ್ನೇ ನೋಡುತ್ತ ಕೂತಳು. ನೆಟ್ಟಗಿನದು ಯಾವುದು, ಸೊಟ್ಟಗಿನದು ಯಾವುದು, ಬರಿಗಣ್ಣಿಗೆ ಈಗ ಒಂದೂ ತಿಳಿಯುತ್ತಿರಲಿಲ್ಲ.

"ಹೀಗೆ ಹಂಚಿ, ನಿಮ್ಮದೇ ಸೋತುಹೋದ್ರೆ?"

"ಸೋಲೋದಿದ್ರೆ ಇಲ್ಲೇ ಸೋಲಲಿ. ಈ ಹಲ್ಲುಗಳಿಗೆ ನೋವಾಗಲ್ಲ."