ಬಡಗಿ ಬರೆಸಿದ ಒಟ್ಟು ಸುಂಕ

“ಗುರುಗಳೇ, ಎರಡು ದಾರಿಗಳಲ್ಲಿ ಸುಲಭವಾದದ್ದನ್ನು ಹಿಡಿದರೆ ತಪ್ಪೇನು?”

ಕೇಳಿದವನು ನಿಜಗುಣನೆಂಬ ಶಿಷ್ಯ. ಮನೆಗಳಿಗೆ ಬಣ್ಣ ಬಳಿಯುವ ಗುತ್ತಿಗೆ ಅವನ ಕಸುಬು. ಬಿಡುವಾದಾಗ ಮಠಕ್ಕೆ ಬಂದು ಗುರುಗಳ ಎದುರು ಕೂರುತ್ತಿದ್ದ. ಆ ದಿನ ಬಿಡುವಿರಲಿಲ್ಲ, ಆದರೂ ಬಂದಿದ್ದ.

“ಯಾವ ದಾರಿಯಪ್ಪ?” ಎಂದರು ಗುರುಗಳು.

“ಮಾರಾಟ ತೆರಿಗೆಯದು. ಒಂದೊಂದು ಬಿಲ್ಲಿಗೂ ಲೆಕ್ಕ ಬರೆದು, ಬಣ್ಣದಂಗಡಿಯಲ್ಲಿ ಆಗಲೇ ಕೊಟ್ಟ ತೆರಿಗೆಯನ್ನು ಕಳೆದು, ಉಳಿದದ್ದನ್ನು ಕಟ್ಟುವುದು ಒಂದು ದಾರಿ. ಅದೆಲ್ಲ ಬೇಡವೆಂದರೆ, ಬಂದ ಹಣದಲ್ಲಿ ನೂರಕ್ಕೆ ಇಷ್ಟು ಅಂತ ಕಟ್ಟಿ ಕೈತೊಳೆದುಕೊಳ್ಳುವುದು ಇನ್ನೊಂದು. ನಾಳೆ ಕೊನೆಯ ದಿನ. ನಮ್ಮ ಬೀದಿಯ ಪ್ಲಂಬರು, ಎಲೆಕ್ಟ್ರಿಷಿಯನ್ನು ಎಲ್ಲರೂ ಎರಡನೆಯದನ್ನೇ ಹಿಡಿದಿದ್ದಾರೆ. ನನಗೂ ಲೆಕ್ಕ ಅಂದರೆ ತಲೆನೋವು.”

ಗುರುಗಳು ತೆರಿಗೆಯ ವಿಷಯ ಬಲ್ಲವರಲ್ಲ. ಬಲ್ಲವರಂತೆ ನಟಿಸಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಮಳೆಗಾಲದಲ್ಲಿ ಊರಿನ ಬಾಗಿಲುಗಳೆಲ್ಲ ಉಬ್ಬಿಕೊಂಡು, ಜನ ಭುಜ ಕೊಟ್ಟು ತಳ್ಳುತ್ತಿರುವಾಗ, ಅವನು ಮಾಡಿದ ಬಾಗಿಲು ಒಂದು ಬೆರಳಿಗೆ ತೆರೆದುಕೊಳ್ಳುತ್ತಿತ್ತು. ಅದು ಉಳಿಯ ಹೆಚ್ಚುಗಾರಿಕೆಯಲ್ಲ, ಮರದ್ದು. ಯಾರ ಮನೆಯ ಗುತ್ತಿಗೆ ಹಿಡಿದರೂ ಮರವನ್ನು ಅವನೇ ತರುತ್ತಿದ್ದ. ಹಲಗೆ ಕೊಯ್ಯಿಸಿ, ಹಿತ್ತಲಿನ ಮಾಡಿನ ಕೆಳಗೆ, ನಡುನಡುವೆ ಕಡ್ಡಿ ಕೊಟ್ಟು ಪೇರಿಸುತ್ತಿದ್ದ. ಒಂದು ವರ್ಷ ಅವು ನೆರಳಿನಲ್ಲಿ ಒಣಗಬೇಕು. ತಿಂಗಳಿಗೊಮ್ಮೆ ಮಗ್ಗುಲು ಬದಲಿಸಿ, ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಅವಸರ ಮಾಡುವವರಿಗೆ “ಇದಕ್ಕೆ ಇನ್ನೂ ಮಾತು ಬಂದಿಲ್ಲ” ಎಂದು ಹೇಳಿ ಕಳಿಸುತ್ತಿದ್ದ. ಜನ ಗೊಣಗುತ್ತಲೇ ಕಾಯುತ್ತಿದ್ದರು.

ಆ ದೇಶದ ರಾಜ ಗುತ್ತಿಗೆ ಕೆಲಸದವರಿಗೆ ಹೊಸ ಸುಂಕ ಹಾಕಿದ. ಎರಡು ಬಗೆಯಲ್ಲಿ ಅದನ್ನು ಕಟ್ಟಬಹುದಿತ್ತು. ಲೆಕ್ಕದ ಸುಂಕವಾದರೆ, ಬಂದದ್ದರಲ್ಲಿ ಎಂಟರಲ್ಲೊಂದು ಪಾಲು; ಆದರೆ ಮರ, ಕಬ್ಬಿಣ ಕೊಳ್ಳುವಾಗ ಪೇಟೆಯಲ್ಲಿ ಕೊಟ್ಟ ಸುಂಕದ ಚೀಟಿ ತೋರಿಸಿದರೆ ಅಷ್ಟನ್ನು ಕಳೆಯುತ್ತಿದ್ದರು. ಒಟ್ಟು ಸುಂಕವಾದರೆ ಹದಿನಾರರಲ್ಲೊಂದೇ ಪಾಲು. ಚೀಟಿ ಬೇಡ, ಬರವಣಿಗೆ ಬೇಡ; ಕಳೆಯುವುದೂ ಇಲ್ಲ. ಒಮ್ಮೆ ಬರೆಸಿದರೆ ಮುಂದಿನ ಯುಗಾದಿಯವರೆಗೆ ಬದಲಿಸುವಂತಿಲ್ಲ.

ಬಡಗಿ ಸುಂಕದ ಕಟ್ಟೆಗೆ ಹೋದ. ಅವನ ಮುಂದೆ ಬಾವಿ ತೋಡುವವನೊಬ್ಬ ನಿಂತಿದ್ದ. ಬಾವಿ ತೋಡುವವನು ಹೆಬ್ಬೆಟ್ಟು ಒತ್ತಿ, ತಿರುಗಿ, ಹಲ್ಲು ಕಿರಿದು ಹೇಳಿದ:

“ಒಟ್ಟು ಸುಂಕ ಬರೆಸಿಬಿಟ್ಟೆ ಕಣಣ್ಣ. ಇನ್ನು ವರ್ಷಪೂರ್ತಿ ಕಾಲು ಚಾಚಿ ಮಲಗೋದೇ. ಎಂಟರಲ್ಲಿ ಒಂದು ದೊಡ್ಡದೋ, ಹದಿನಾರರಲ್ಲಿ ಒಂದು ದೊಡ್ಡದೋ? ಇಷ್ಟಕ್ಕೆ ಪಂಚಾಂಗ ನೋಡ್ಬೇಕಾ?”

ಕಟ್ಟೆಯ ಶಾನುಭೋಗ ಬಡಗಿಯನ್ನು ಕೇಳಿದ: “ಮರ ನೀನು ತರೋದೋ, ಮನೆಯವರು ತರೋದೋ?”

ಬಡಗಿಗೆ ಸಿಟ್ಟು ಬಂತು. ಕೆಲಸ ಬಿಟ್ಟು ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದ. “ಅವನನ್ನ ಗುದ್ದಲಿ ಯಾರದು ಅಂತ ಕೇಳಿದ್ರಾ ಸ್ವಾಮಿ? ನನ್ನನ್ನ ಯಾಕೆ ಕೇಳ್ತೀರಿ? ಅವನಿಗೆ ಬರೆದದ್ದನ್ನೇ ನನಗೂ ಬರೀರಿ.”

ಶಾನುಭೋಗ ಬರೆದ.

ಮೊದಲ ಗುತ್ತಿಗೆ ನೂರ ಅರವತ್ತು ವರಹದ್ದು. ಅದರ ಸುಂಕ ಹತ್ತು ವರಹ ಕಟ್ಟಿ, ಬಡಗಿ ಶಿಳ್ಳೆ ಹಾಕುತ್ತ ಮನೆಗೆ ಬಂದ. ಅವನ ಹೆಂಡತಿ ಹುಣಸೆ ಬೀಜ ಬಿಡಿಸುತ್ತ ಕೂತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು. ನೆಲದ ಮೇಲೆ ಇಪ್ಪತ್ತು ಬೀಜ ಇಟ್ಟಳು.

“ನೂರ ಅರವತ್ತಕ್ಕೆ ಎಂಟರಲ್ಲೊಂದು ಅಂದ್ರೆ ಇಷ್ಟು. ಮರಕ್ಕೆ ನೂರ ಇಪ್ಪತ್ತು ಸುರಿದು ಬಂದ್ರಲ್ಲ, ಅದರ ಮೇಲೆ ಪೇಟೇಲಿ ಕೊಟ್ಟ ಸುಂಕ ಹದಿನೈದು.” ಹದಿನೈದು ಬೀಜ ಎತ್ತಿ ಮಡಿಲಿಗೆ ಹಾಕಿಕೊಂಡಳು. ನೆಲದ ಮೇಲೆ ಐದು ಉಳಿದವು. “ಐದು ಕಟ್ಟೋ ಕಡೆ ಹತ್ತು ಕಟ್ಟಿದ್ದೀರಿ. ಪೇಟೇಲಿ ಕೊಟ್ಟದ್ದನ್ನೂ ಬಿಟ್ಟುಕೊಟ್ಟಿದ್ದೀರಿ. ರಾಜರ ಮೇಲೆ ಇಷ್ಟೊಂದು ಪ್ರೀತಿ ಯಾವಾಗಿಂದ?”

“ಬಾವಿ ತೋಡೋನು ಅದನ್ನೇ ಬರೆಸಿದ,” ಎಂದ ಬಡಗಿ.

“ಅವನು ಬಾವೀನ ಪೇಟೆಯಿಂದ ಕೊಂಡು ತರ್ತಾನಾ?”

ಬಡಗಿ ಊಟ ಮಾಡದೆ ಮಲಗಿದ. ಬೆಳಿಗ್ಗೆ ಏಳುವಾಗ ಅವನಿಗೊಂದು ಉಪಾಯ ಹೊಳೆದಿತ್ತು. ಸುಂಕವನ್ನು ಯುಗಾದಿಯವರೆಗೆ ಬದಲಿಸುವಂತಿಲ್ಲ, ಕೆಲಸವನ್ನು ಬದಲಿಸಬಹುದು. ಅಂದಿನಿಂದ ಗುತ್ತಿಗೆ ಕೊಡಲು ಬಂದವರಿಗೆಲ್ಲ, ಮರ ನೀವೇ ತನ್ನಿ, ನನಗೆ ಕೈಕೂಲಿ ಮಾತ್ರ ಕೊಡಿ ಎನ್ನತೊಡಗಿದ. ಕೈಕೂಲಿ ನಲವತ್ತು ವರಹ. ಅದಕ್ಕೆ ಸುಂಕ ಎರಡೂವರೆ. ಹೆಂಡತಿ ಬೀಜ ಇಟ್ಟು ನೋಡಿದಳು; ಲೆಕ್ಕ ಸರಿಯಾಗಿತ್ತು. ಬೀಜಗಳನ್ನು ಮತ್ತೆ ಮಡಿಲಿಗೆ ಬಳಿದುಕೊಂಡಳು.

ಒಬ್ಬ ವರ್ತಕ ಹೊಸ ಮನೆ ಕಟ್ಟಿಸುತ್ತಿದ್ದ. ಹೆಬ್ಬಾಗಿಲಿಗೆಂದು ಬಂಡಿಯಲ್ಲಿ ಹಲಗೆ ತಂದು ಇಳಿಸಿದ. ಬಡಗಿ ತಟ್ಟಿದ. ನೆನೆದ ಚೀಲವನ್ನು ತಟ್ಟಿದಂತಾಯಿತು.

“ಇದು ಹಸಿ ಇದೆ ಸಾವುಕಾರ್ರೇ. ಒಂದು ವರ್ಷ ಬಿಡಬೇಕು.”

“ಗೃಹಪ್ರವೇಶ ಮುಂದಿನ ತಿಂಗಳು. ಮರ ತರೋದು ನಿನ್ನ ಕೆಲಸ ಆಗಿತ್ತು, ನೀನೇ ತರೋದಿಲ್ಲ ಅಂದೆ. ಈಗ ನಾನು ತಂದ ಮರಕ್ಕೆ ಹೆಸರಿಡ್ತೀಯಾ?”

ಮಾತು ನ್ಯಾಯವಾಗಿತ್ತು. ಬಡಗಿ ಉಳಿ ತೆಗೆದುಕೊಂಡು ಕೂತ. ಕೆತ್ತನೆಯಲ್ಲಿ ಏನೂ ಕೊರತೆ ಮಾಡಲಿಲ್ಲ. ಹೂವು, ಬಳ್ಳಿ, ಗಿಳಿ ಎಲ್ಲವನ್ನೂ ಎಂದಿನಂತೆ ಬಿಡಿಸಿದ. ನೋಡಿದವರು ಹೊಗಳಿದರು.

ಮಳೆ ಹಿಡಿಯಿತು. ಮೂರನೆಯ ದಿನ ವರ್ತಕನ ಮನೆಯ ಹೆಬ್ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡಿತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ನಾಲ್ಕು ಜನ ಸೇರಿ ಕೊಡಲಿಯಿಂದ ಒಡೆದರು. ನೋಡಲು ನೆರೆದ ಜನ ಬಾಗಿಲು ಮಾಡಿದವನು ಯಾರು ಎಂದು ಕೇಳಿದರು. ಮರ ತಂದವನು ಯಾರು ಎಂದು ಒಬ್ಬರೂ ಕೇಳಲಿಲ್ಲ. ಆ ಮಳೆಗಾಲದಲ್ಲಿ ಅವನು ಮಾಡಿದ ಇನ್ನೂ ಮೂರು ಬಾಗಿಲುಗಳು ಹಾಗೆಯೇ ಕಚ್ಚಿಕೊಂಡವು. ಹಳೆಯ ಗಿರಾಕಿಗಳು ದಾರಿಯಲ್ಲಿ ಸಿಕ್ಕರೆ ಮಾತನಾಡಿಸುತ್ತಿದ್ದರು. ಬಾಗಿಲಿನ ಸುದ್ದಿ ಎತ್ತುತ್ತಿರಲಿಲ್ಲ.

ಯುಗಾದಿ ಬಂತು. ಬಡಗಿ ಎಲ್ಲರಿಗಿಂತ ಮೊದಲು ಸುಂಕದ ಕಟ್ಟೆಯ ಮುಂದೆ ನಿಂತ.

“ಲೆಕ್ಕದ ಸುಂಕ ಬರ್ಕೊಳ್ಳಿ ಸ್ವಾಮಿ. ಎಷ್ಟು ಚೀಟಿ ಬೇಕಾದರೂ ತರ್ತೀನಿ. ಬುದ್ಧಿ ಬಂತು.”

ಶಾನುಭೋಗ ಕೆಟ್ಟವನಲ್ಲ. ಲೇಖಣಿ ಕೆಳಗಿಟ್ಟು ಕೇಳಿದ: “ಈ ವರ್ಷ ಕೈಯಲ್ಲಿ ಏನು ಕೆಲಸ ಇದೆಯಪ್ಪ?”

“ಎರಡು ಕೊಟ್ಟಿಗೆ, ಒಂದು ಬೇಲಿಯ ಪಡಿಬಾಗಿಲು.”

“ಮರ?”

“ಅವರದೇ.”

“ನೀನು ಪೇರಿಸಿಟ್ಟದ್ದು?”

“ಇದ್ದದ್ದನ್ನ ಆಗಲೇ ಮಾರಿಬಿಟ್ಟೆ, ಮರ ಕೊಳ್ಳೋದು ಬಿಟ್ಟು ವರ್ಷ ಆಯ್ತು. ಮಾಡಿನ ಕೆಳಗೆ ನಮ್ಮವಳು ಬೆರಣಿ ಒಟ್ಟಿದ್ದಾಳೆ. ಈಗ ತಂದರೂ ಒಣಗೋಕೆ ಇನ್ನೊಂದು ವರ್ಷ ಬೇಕು. ಒಣಗಿದರೂ, ನನ್ನನ್ನ ನಂಬಿ ಮುಂಗಡ ಕೊಡೋರು ಯಾರಿದ್ದಾರೆ?”

ಶಾನುಭೋಗ ಬೆರಳು ಮಡಿಸಿ ಎಣಿಸಿದ. ಬಡಗಿಗೆ ನಷ್ಟವಾಗಬಾರದೆಂದು ಎರಡನೆಯ ಸಲವೂ ಎಣಿಸಿದ.

“ಹಾಗಾದರೆ ಒಟ್ಟು ಸುಂಕವೇ ನಿನಗೆ ಸರಿ ಕಣಪ್ಪ. ಕಳೆಯೋದಕ್ಕೆ ನಿನ್ನ ಹತ್ತಿರ ಏನೂ ಇಲ್ಲ. ಲೆಕ್ಕದ್ದು ಬರೆಸಿದರೆ ಎರಡರಷ್ಟು ಕಟ್ಟಬೇಕಾಗುತ್ತೆ.”

ಬಡಗಿಯ ಹಿಂದೆ ನಿಂತಿದ್ದ ಬಾವಿ ತೋಡುವವನು ಅವನ ಬೆನ್ನು ತಟ್ಟಿ, “ನಾನು ಅವತ್ತೇ ಹೇಳಿರ್ಲಿಲ್ವಾ ಅಣ್ಣ!” ಎಂದ.

ಬಡಗಿ ಹೆಬ್ಬೆಟ್ಟು ಒತ್ತಿದ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ಬಹಳ ಹೊತ್ತು ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ. ಎಲ್ಲಿಯೂ ತಪ್ಪು ಸಿಗಲಿಲ್ಲ. ಅದೇ ಅವನಿಗೆ ಕಿರಿಕಿರಿಯಾಯಿತು.

“ಆದರೂ ಗುರುಗಳೇ, ಕೊನೆಗೆ ಬಡಗಿಗೆ ಸುಂಕ ಕಡಿಮೆಯೇ ಆಯಿತಲ್ಲ?”

“ಆಯಿತು,” ಎಂದರು ಗುರುಗಳು, “ಸುಂಕ ಹಾಕುವುದಕ್ಕೆ ಅವನಲ್ಲಿ ಉಳಿದದ್ದೇ ಅಷ್ಟು.”